ಸಾವಿತ್ರಿಬಾಯಿ ಕಲಿಸಿದ ಊರು

ದೇವಾಪುರ ದಾಟಿ ಕಾಲುವೆಯ ಗುಂಟ ಹೋದರೆ ಸಿಗುವ ಒಂದು ಊರಿನಲ್ಲಿ ನಾನು ಹನ್ನೊಂದು ವರ್ಷ ಮಾಸ್ತರಿಕೆ ಮಾಡಿದೆ. ಊರಿನ ಹೆಸರು ಬರೆಯುವುದಿಲ್ಲ. ಇಲ್ಲಿ ಹೇಳುವ ಮಂದಿಯಲ್ಲಿ ಹೆಚ್ಚಿನವರು ಇನ್ನೂ ಅಲ್ಲೇ ಇದ್ದಾರೆ, ಬೆಳಗಾದರೆ ಒಬ್ಬರ ಮುಖ ಒಬ್ಬರು ನೋಡಬೇಕು. ಆರು, ಏಳನೆಯ ತರಗತಿಗೆ ನನ್ನದು ಸಮಾಜ ವಿಜ್ಞಾನ. ಗ್ರಾಮಸಭೆ ಎಂದರೇನು, ಪ್ರಜೆಯ ಹಕ್ಕುಗಳು ಯಾವುವು, ಕರ್ತವ್ಯಗಳು ಯಾವುವು, ಇದನ್ನೆಲ್ಲ ಬೋರ್ಡಿನ ಮೇಲೆ ಬರೆದು, ಮಕ್ಕಳ ಕೈಲಿ ಬರೆಸಿ, ಅಂಕ ಹಾಕಿದ್ದೇನೆ. ಆದರೆ ಆ ಪಾಠವನ್ನು ಒಂದು ಮಗುವಿಗೆ ನಿಜವಾಗಿ ಕಲಿಸಿದವರು ಪಿಯುಸಿ ಇಂಗ್ಲಿಷಿನಲ್ಲಿ ಮೂರು ಸಲ ನಪಾಸಾದ ಸಾವಿತ್ರಿಬಾಯಿ.

ಸಾವಿತ್ರಿಬಾಯಿ ಊರಿನ ಗ್ರಂಥಾಲಯ ನೋಡಿಕೊಳ್ಳುವವರು. ಐವತ್ತು ದಾಟಿದ ವಯಸ್ಸು, ದಾರ ಕಟ್ಟಿ ಕೊರಳಿಗೆ ಇಳಿಬಿಟ್ಟ ಕನ್ನಡಕ, ಗಟ್ಟಿ ದನಿ. ಗಂಡ ತೀರಿಕೊಂಡು ಬಹಳ ವರ್ಷವಾಗಿತ್ತು, ಮಕ್ಕಳಿರಲಿಲ್ಲ. ತಮ್ಮ ಹಣಮೇಶನ ಮನೆಯ ಗೋಡೆಗೆ ಗೋಡೆ ಹತ್ತಿದ ಮನೆಯಲ್ಲಿ ಒಬ್ಬರೇ ಇರುತ್ತಿದ್ದರು. ಬೆಳಿಗ್ಗೆ ಒಂಬತ್ತೂವರೆಗೆ ಬೀಗ ತೆಗೆದು, ಕಸ ಹೊಡೆದು, ಓದು ಬರದ ಮುದುಕರನ್ನು ಕಟ್ಟೆಯ ಮೇಲೆ ಕೂಡಿಸಿಕೊಂಡು ಪೇಪರು ಓದಿ ಹೇಳುವರು. ಓದುವಾಗ ನಡುವೆ ಯಾರಾದರೂ ಮಾತಾಡಿದರೆ ನಿಲ್ಲಿಸಿ, ಅವರ ಮಾತು ಮುಗಿದ ಮೇಲೆ ಮತ್ತೆ ಮೊದಲಿನಿಂದ ಶುರು ಮಾಡುವರು.

ಗ್ರಂಥಾಲಯಕ್ಕೆ ಬರುವ ಮೊದಲು ಅವರು ಐದು ವರ್ಷ ಪಂಚಾಯಿತಿ ಸದಸ್ಯೆಯಾಗಿದ್ದರು. ಆ ಕಾಲವನ್ನು ನೆನೆದರೆ ಅವರ ದನಿ ತಗ್ಗುತ್ತಿತ್ತು. ನಿರ್ಣಯ ಬರೆಯುವ ಠರಾವಿನ ಪುಸ್ತಕ ಮನೆಗೇ ಬರುತ್ತಿತ್ತಂತೆ, ತಂದವನು ಬೆರಳಿಟ್ಟು ತೋರಿಸಿದಲ್ಲಿ ಇವರು ಸಹಿ ಹಾಕುತ್ತಿದ್ದರಂತೆ.

"ಓದಾಕ ಬರದಾಕಿ ಆಗಿದ್ರ ಬ್ಯಾರೆ ಮಾತು. ನಾನು ಓದಿದಾಕಿ ಸರ್," ಎಂದು ಒಮ್ಮೆ ನನಗೆ ಹೇಳಿದ್ದರು. "ಐದು ವರ್ಷದಾಗ ಒಂದಿನಾನೂ ಓದಿ ಸಹಿ ಹಾಕಲಿಲ್ಲ."

ಹಣಮೇಶ ಕೂಲಿಯವನು. ಲಿಂಗಣ್ಣ ಸಾವಕಾರರ ಹೊಲವನ್ನು ಪಾಲಿಗೆ ಮಾಡುತ್ತಿದ್ದ. ಅವನ ಹೆಂಡತಿ ಶೇಖಮ್ಮ, ಒಬ್ಬಳೇ ಮಗಳು ಸವಿತಾ. ಮೂರು ವರ್ಷದ ಹಿಂದೆ ಆಗಸ್ಟಿನಲ್ಲಿ ಶೇಖಮ್ಮನಿಗೆ ಕಾಮಾಲೆ ಆಯಿತು. ಸುರಪುರದಲ್ಲಿ ತೋರಿಸಿ, ಅಲ್ಲಿಂದ ಯಾದಗಿರಿಗೆ ಒಯ್ದರು. ಎಂಟನೆಯ ದಿನ ಹೆಣವಾಗಿ ಮನೆಗೆ ಬಂದಳು.

ಹಣಮೇಶನ ಓಣಿಯ ಮಂದಿ ಮಣ್ಣು ಕೊಡುವ ಜಾಗ ಹಳ್ಳದ ದಂಡೆಯಲ್ಲಿದೆ. ಅಲ್ಲಿಗೆ ಹೋಗಲು ದಾರಿಯೇ ಉಳಿದಿರಲಿಲ್ಲ. ಭತ್ತ ನಾಟಿ ಮಾಡಿದ ಹೊಲ, ಮೊಣಕಾಲುಮಟ ನೀರು, ಕೆಳಗೆ ಕೆಸರು. ಮಣ್ಣಿಗೆ ನಾನೂ ಹೋಗಿದ್ದೆ. ಮುಂದೆ ಹೆಗಲು ಕೊಟ್ಟಿದ್ದ ಹಣಮೇಶನ ಕಾಲು ಜಾರಿತು. ಚಟ್ಟ ಒಂದು ಕಡೆ ವಾಲಿ ಶೇಖಮ್ಮನ ಕೈ ನೀರಿಗೆ ಇಳಿಯಿತು. ನಾಲ್ಕು ಜನ ಹಿಡಿದು ಎತ್ತಿದರು. ಬದುವಿನ ಮೇಲೆ ಅತ್ತೆಯ ಸೆರಗು ಹಿಡಿದು ನಿಂತಿದ್ದ ಸವಿತಾ ಅದನ್ನು ನೋಡಿದಳು. ಆಗ ಅವಳು ಆರನೆಯ ತರಗತಿ.

ಹದಿನೈದು ದಿನದ ಮೇಲೆ ಶಾಲೆಗೆ ಬಂದಳು. ಅಂದು ನಾನು ಗ್ರಾಮ ಪಂಚಾಯಿತಿಯ ಕೆಲಸಗಳನ್ನು ಬರೆಸುತ್ತಿದ್ದೆ. ಕುಡಿಯುವ ನೀರು, ಬೀದಿದೀಪ, ರಸ್ತೆ, ಸ್ಮಶಾನ. ಅವಳು ಪೆನ್ನು ಕೆಳಗಿಟ್ಟು ಎದ್ದು ನಿಂತಳು.

"ಸರ್, ಸುಡುಗಾಡಿಗಿ ದಾರಿ ಮಾಡೋದು ಯಾರ ಕೆಲಸರಿ?"

"ಪಂಚಾಯಿತಿದು. ಬರಕೋ."

"ಮತ್ಯಾಕ ಮಾಡಿಲ್ಲರಿ?"

ನನಗೆ ಉತ್ತರ ಗೊತ್ತಿರಲಿಲ್ಲ. ಗೊತ್ತಿಲ್ಲ ಎನ್ನುವ ಧೈರ್ಯವೂ ಇರಲಿಲ್ಲ. "ಅದು ಪರೀಕ್ಷಾಕ ಬರಂಗಿಲ್ಲ, ಕೂಡು," ಎಂದೆ. ಹಿಂದಿನ ಸಾಲಿನ ಹುಡುಗರು ನಕ್ಕರು. ಸವಿತಾ ಕೂತಳು. ಮರುದಿನದಿಂದ ಶಾಲೆಗೆ ಬರಲಿಲ್ಲ.

ಅವಳು ಹೋಗುತ್ತಿದ್ದದ್ದು ಅತ್ತೆಯ ಗ್ರಂಥಾಲಯಕ್ಕೆ. ಅಲ್ಲಿಗೆ ಹಿಂದಿನ ವರ್ಷ ಎರಡು ಕಂಪ್ಯೂಟರ್ ಬಂದಿದ್ದವು. ರಿಪೇರಿಗೆಂದು ಸುರಪುರದಿಂದ ಬಂದ ಮುಷರಫ ಎಂಬವರು ಒಂದರಲ್ಲಿ ಊರು ಕಟ್ಟುವ ಆಟ ಹಾಕಿ ಹೋಗಿದ್ದರು. ಖಾಲಿ ಹಸಿರು ನೆಲ ಕಾಣುತ್ತದೆ. ಅದರ ಮೇಲೆ ಮನೆ, ಅಂಗಡಿ, ನೀರಿನ ಟಾಕಿ, ಕರೆಂಟು ಕಂಬ, ರಸ್ತೆ ಎಲ್ಲ ಒಂದೊಂದಾಗಿ ಇಡುತ್ತ ಹೋಗಬೇಕು. ಅನುಕೂಲ ಇದ್ದರೆ ಪರದೆಯ ಮೇಲೆ ಮಂದಿ ಬಂದು ನೆಲೆಸುತ್ತಾರೆ, ಇಲ್ಲದಿದ್ದರೆ ಬಿಟ್ಟು ಹೋಗುತ್ತಾರೆ.

ಸವಿತಾ ಮೂರು ದಿನ ಬರೀ ರಸ್ತೆ ಮಾಡಿದಳು. ಉದ್ದ ರಸ್ತೆ, ಅಡ್ಡ ರಸ್ತೆ, ಒಂದೊಂದು ಮನೆಗೆ ನಾಲ್ಕೂ ಕಡೆ ರಸ್ತೆ. ಅವಳ ಊರಿನಲ್ಲಿ ಒಬ್ಬರೂ ಇರಲಿಲ್ಲ. ಸಾವಿತ್ರಿಬಾಯಿ ದೂರದಿಂದಲೇ ನೋಡಿದರು. ನಾಲ್ಕನೆಯ ದಿನ ಒಂದು ಸ್ಟೂಲು ಎಳೆದುಕೊಂಡು ಬಂದು ಮಗ್ಗುಲಿಗೆ ಕೂತರು.

"ನನಗೂ ಕಲಿಸವ್ವ," ಎಂದರು.

ಹುಡುಗಿ ರಸ್ತೆ ಎಳೆಯುತ್ತಲೇ ಇದ್ದಳು. ಹೊಸ ರಸ್ತೆಗೆ ಒಂದು ಮನೆ ಅಡ್ಡ ಬಂತು. ಗುಂಡಿ ಒತ್ತಿದಳು, ಮನೆ ಮಾಯವಾಯಿತು.

"ಆ ಮನ್ಯಾಗ ಯಾರಿದ್ರು?"

"ಯಾರಿಲ್ಲತ್ತಿ. ಗೇಮ್ ಐತದು."

"ಇದ್ರಂತ ತಿಳಕೊ. ಕೆಡವೋ ಮುಂದ ಅವರಿಗಿ ಹೇಳಿದೇನು?"

ಸವಿತಾ ಅತ್ತೆಯ ಮುಖ ನೋಡಿದಳು. ಸಾವಿತ್ರಿಬಾಯಿ ಅವಳನ್ನು ಕುರ್ಚಿಯಿಂದ ಎಬ್ಬಿಸಿ ಸ್ಟೂಲಿನ ಮೇಲೆ ಕೂಡಿಸಿ, ತಾವು ಕುರ್ಚಿಯಲ್ಲಿ ಕೂತರು. "ಈಗ ನಾನು ಪಂಚಾಯ್ತಿ. ನೀನು ಆ ಮನ್ಯಾಕಿ. ನಿನ್ನ ಮನಿ ಕೆಡವಾಕ ಬಂದೀನಿ. ಏನಂತಿ?"

ಹುಡುಗಿ ಪರದೆಯ ಮೇಲೆ ಮನೆ ಇದ್ದ ಜಾಗ ನೋಡಿದಳು. ಆಮೇಲೆ ಕೇಳಿದಳು. "ಯಾಕ ಕೆಡವ್ತೀರಿ? ಎಲ್ಲಿಗಿ ಹೋಗಬೇಕ್ರಿ ನಾವು?" ತಾಯಿ ಸತ್ತ ಮೇಲೆ ಅವಳು ಅಷ್ಟುದ್ದ ಮಾತಾಡಿದ್ದು ಅದೇ ಮೊದಲು ಎಂದು ಸಾವಿತ್ರಿಬಾಯಿ ನನಗೆ ಆಮೇಲೆ ಹೇಳಿದರು.

ಪಾಠ ಶುರುವಾದದ್ದು ಹಾಗೆ. ಪರದೆಯ ಮೇಲಿನ ಪ್ರತಿ ಮನೆಗೂ ಒಂದು ಕುಟುಂಬದ ಹೆಸರು ಬಿತ್ತು. ನೀರಿನ ಟಾಕಿ ಎಲ್ಲಿ ಇಡಬೇಕೆಂಬುದಕ್ಕೆ ಕಾಗದದಲ್ಲಿ ಅರ್ಜಿ ಬರೆಯಬೇಕಾಯಿತು. ಅರ್ಜಿ ತಿರಸ್ಕರಿಸಿದರೆ ಕಾರಣ ಬರೆಯಬೇಕು. ಕ್ರಮೇಣ ಉಳಿದ ಮಕ್ಕಳೂ ಬಂದು ಒಂದೊಂದು ಮನೆ ಹಿಡಿದರು. ಶನಿವಾರ ಶಾಲೆ ಬಿಟ್ಟ ಮೇಲೆ ಗ್ರಂಥಾಲಯದ ನೆಲದ ಮೇಲೆ ಹನ್ನೊಂದು ಮಕ್ಕಳ ಗ್ರಾಮಸಭೆ ಕೂಡುತ್ತಿತ್ತು. ಸವಿತಾ ಅಧ್ಯಕ್ಷೆ, ಏಕೆಂದರೆ ಊರು ಅವಳದು. ಮೂರನೆಯ ವಾರಕ್ಕೆ ಸಾವಿತ್ರಿಬಾಯಿ ಅದನ್ನೂ ಬಿಡಿಸಿದರು. "ಊರು ಕಟ್ಟಿದಾಕಿ ನೀನಿರಬಹುದು. ಊರು ನಿಂದಲ್ಲ," ಎಂದು ಚೀಟಿ ಹಾಕಿಸಿದರು. ಸವಿತಾ ಗೆದ್ದಳು, ಒಂದೇ ಮತದಿಂದ.

ಒಂದು ಶನಿವಾರ ಸಂತೆಯ ಜಾಗ ಎಲ್ಲಿರಬೇಕೆಂಬ ಮಾತು ಬಂತು. ಸವಿತಾಳ ಇಷ್ಟ ಒಂದಾದರೆ ಮಕ್ಕಳ ಇಷ್ಟ ಇನ್ನೊಂದು. ಕೈ ಎತ್ತಿಸಿದಾಗ ಅವಳ ಪರ ನಾಲ್ಕು, ವಿರುದ್ಧ ಏಳು. ಸಿಟ್ಟಿನಲ್ಲಿ ಕಂಪ್ಯೂಟರ್ ಬಂದ್ ಮಾಡಿ ಮೂಲೆಗೆ ಹೋಗಿ ಅತ್ತಳು. ಸಾವಿತ್ರಿಬಾಯಿ ಸಮಾಧಾನ ಮಾಡಲಿಲ್ಲ. ಅಳು ಮುಗಿಯುವ ತನಕ ಕಾದು, ಠರಾವಿನ ನೋಟುಬುಕ್ಕು ಮುಂದಿಟ್ಟರು.

"ಬರಿ. ಸಂತಿ ಜಗಾ ಟಾಕಿ ಮುಂದ ಅಂತ ಬರಿ. ಬರದು ಎಲ್ಲರಿಗೂ ಕೇಳೋಹಂಗ ಓದು. ಓದಿ ಆಮ್ಯಾಲ ಸಹಿ ಮಾಡು."

"ನನಗ ಒಪ್ಪಿಗಿಲ್ಲತ್ತಿ."

"ಒಪ್ಪಿಗಿಲ್ಲಂತನೂ ಬರಿ. ಆದ್ರ ಓದದ ಸಹಿ ಮಾಡಬ್ಯಾಡ."

ಇದನ್ನೆಲ್ಲ ನಾನು ಕೇಳಿದ್ದು ಮಕ್ಕಳ ಬಾಯಿಂದ. ನಾಚಿಕೆಯಾಯಿತು. ಒಂದು ಶನಿವಾರ ನಾನೂ ಹೋಗಿ ಬಾಗಿಲ ಬಳಿ ಕೂತೆ. ಸಭೆ ಮುಗಿದ ಮೇಲೆ ಸವಿತಾಳ ಹತ್ತಿರ ಹೋಗಿ, "ಅವತ್ತು ನೀನು ಕೇಳಿದ್ದು ಬರೋಬ್ಬರಿ ಇತ್ತವ್ವ. ನನಗ ಗೊತ್ತಿದ್ದಿಲ್ಲ," ಎಂದೆ. ಅವಳು ತಲೆ ತಗ್ಗಿಸಿದಳು. ಸೋಮವಾರ ಶಾಲೆಗೆ ಬಂದಳು.

ಆಟದಲ್ಲಿ ಒಂದು ತಕರಾರು ಎದ್ದಿತು. ಯಾರೋ ಒಬ್ಬ ಹುಡುಗ ಸವಿತಾ ಇಲ್ಲದಾಗ ಒಂದು ರಸ್ತೆ ಅಳಿಸಿ ತನ್ನ ಮನೆ ಬೆಳೆಸಿಕೊಂಡಿದ್ದ. ಇಲ್ಲಿ ರಸ್ತೆ ಇರಲೇ ಇಲ್ಲ ಎಂದು ವಾದಿಸಿದ. ಇತ್ತು ಎಂದು ತೋರಿಸುವುದು ಹೇಗೆ? ಸಾವಿತ್ರಿಬಾಯಿ ಹೇಳಿದರು, "ಖರೇ ಊರಿಗಿ ನಕಾಶೆ ಇರ್ತೈತಿ. ಯಾವ ಹೊಲ ಎಲ್ಲಿ, ಯಾವ ದಾರಿ ಎಲ್ಲಿ, ಎಲ್ಲಾ ಅದರಾಗ ಬರದಿರ್ತಾರ." ಸವಿತಾ ಆ ನಕಾಶೆ ನೋಡಬೇಕೆಂದಳು.

ನವೆಂಬರಿನ ಒಂದು ಮುಂಜಾನೆ ಅತ್ತೆ, ಸೊಸೆ ಬಸ್ಸಿನಲ್ಲಿ ಸುರಪುರಕ್ಕೆ ಹೋದರು. ಭೂಮಾಪನ ವಿಭಾಗದಲ್ಲಿ ಅರ್ಜಿ ಕೊಟ್ಟು, ಮಧ್ಯಾಹ್ನದ ತನಕ ಕಾದು ಊರಿನ ನಕಾಶೆಯ ನಕಲು ಪಡೆದರು. ಕಚೇರಿಯ ಕಟ್ಟೆಯ ಮೇಲೆ ಅದನ್ನು ಬಿಚ್ಚಿದರು. ಸವಿತಾ ಮೊದಲು ಊರು ಹುಡುಕಿದಳು, ಆಮೇಲೆ ತಮ್ಮ ಓಣಿ. ಓಣಿಯಿಂದ ಚುಕ್ಕೆ ಚುಕ್ಕೆಯ ಜೋಡಿ ಗೆರೆ ಹೊರಟಿತ್ತು. ಬಂಡಿದಾರಿಯ ಗುರುತು ಅದು ಎಂದು ಅಲ್ಲಿನ ಒಬ್ಬ ನೌಕರರು ತಿಳಿಸಿಕೊಟ್ಟರು. ಹುಡುಗಿಯ ಬೆರಳು ಆ ಗೆರೆಯ ಗುಂಟ ಹೋಗಿ ಹಳ್ಳದ ದಂಡೆಯಲ್ಲಿ ನಿಂತಿತು.

"ಅತ್ತಿ, ದಾರಿ ಐತಿ," ಎಂದಳು. ಮತ್ತೆ ನೋಡಿ, "ಇದು ಅಪ್ಪ ಪಾಲಿಗಿ ಮಾಡೋ ಹೊಲದಾಗ ಹೊಂಟೈತಿ," ಎಂದಳು.

ಸಾವಿತ್ರಿಬಾಯಿ ನಕಾಶೆ ಮಡಿಚಿ ಚೀಲದಲ್ಲಿಟ್ಟರು. ಬಸ್ಸಿನಲ್ಲಿ ಹುಡುಗಿ ಮಾತಾಡುತ್ತಲೇ ಇದ್ದಳು. ದಾರಿ ಇದೆ ಎಂದು ಮಕ್ಕಳ ಗ್ರಾಮಸಭೆಯಲ್ಲಿ ಎಲ್ಲರ ಮುಂದೆ ಕೇಳುತ್ತೇನೆ ಎಂದಳು. ಪಂಚಾಯಿತಿಯವರು ವರ್ಷಕ್ಕೊಮ್ಮೆ ಮಕ್ಕಳಿಗಾಗಿ ನಡೆಸುವ ಸಭೆ ಅದು, ಬರುವ ತಿಂಗಳಲ್ಲಿತ್ತು.

ಬಸ್ಸು ಇಳಿದವರೇ ಸಾವಿತ್ರಿಬಾಯಿ ಸೊಸೆಯನ್ನು ಮನೆಗೆ ಕಳಿಸಿ, ನೆಟ್ಟಗೆ ಹೊಲಕ್ಕೆ ಹೋದರು. ಬಿಸಿಲಿನ್ನೂ ಇತ್ತು. ಹಣಮೇಶ ಬದುವಿನ ಮೇಲೆ ಕೂತು ಕುಡುಗೋಲು ಮಸೆಯುತ್ತಿದ್ದ.

"ಹಣಮೇಶ, ಇಲ್ಲಿ ಬಂಡಿದಾರಿ ಇತ್ತೇನೋ?"

ಅವನು ಮಸೆಯುವುದನ್ನು ನಿಲ್ಲಿಸಿದ. "ಇತ್ತಕ್ಕ."

"ಅದರ ಮ್ಯಾಲ ನೇಗಿಲ ಯಾರು ಹೊಡದ್ರು?"

"ನಾನ."

"ಸಾವಕಾರ್ರು ಹೊಡಿ ಅಂದಿದ್ರೇನು?"

"ಅಂದಿದ್ದಿಲ್ಲ. ಬ್ಯಾಡಂತನೂ ಅನ್ನಲಿಲ್ಲ. ನಾಕು ವರ್ಷದ ಹಿಂದಿನ ಮಾತು. ಹುಲ್ಲು ಬೆಳದು ಬಿದ್ದಿತ್ತು, ಮಂದಿ ಓಡಾಟ ಕಡಿಮಿ ಇತ್ತು. ಒಂದು ಮಡಿ ಹೆಚ್ಚಿಗಿ ಆಕ್ಕೈತಂತ ಹೊಡದೆ." ಕುಡುಗೋಲನ್ನು ನೆಲದ ಮೇಲಿಟ್ಟ. "ಆಗ ನಮ್ಮ ಮನ್ಯಾಗ ಯಾರೂ ಸತ್ತಿದ್ದಿಲ್ಲಕ್ಕ."

ಸಾವಿತ್ರಿಬಾಯಿ ಅಲ್ಲೇ ಕೂತುಬಿಟ್ಟರು. "ನಿನ್ನ ಮಗಳು ಸಭಾದಾಗ ಕೇಳಾಕಿದ್ದಾಳ. ಅದರ ಮೊದಲ ನೀನ ಆಕಿಗಿ ಹೇಳು. ನಾನು ಹೇಳಂಗಿಲ್ಲ. ಆದ್ರ ಕೇಳಿದ್ರ ಸುಳ್ಳೂ ಹೇಳಂಗಿಲ್ಲ," ಎಂದರು.

ಮರುದಿನ ಶಾಲೆಗೆ ಬಂದು ನನ್ನ ಮುಂದೆ ಎಲ್ಲ ಹೇಳಿದರು. ನಾನು, ಈ ವರ್ಷ ಬಿಟ್ಟುಬಿಡೋಣ, ಹುಡುಗಿಗೆ ಬೇರೆ ಪ್ರಶ್ನೆ ಬರೆದುಕೊಡೋಣ ಎಂದೆ. ಸಾವಿತ್ರಿಬಾಯಿ ನನ್ನನ್ನೇ ನೋಡಿದರು. "ಕೇಳಬೇಕು, ಓದಬೇಕು ಅಂತ ನಾನ ಕಲಿಸೀನಿ. ಈಗ ನನ್ನ ತಮ್ಮಂದು ಬಂತಂತ ಹ್ಯಾಂಗ ಬಾಯಿ ಮುಚ್ಚಸಲಿ ಸರ್?" ಎಂದು ಎದ್ದು ಹೋದರು. ಆ ತಿಂಗಳಲ್ಲಿ ಅವರು ಬಹಳ ಸೊರಗಿದರು.

ಹಣಮೇಶ ಹೇಳಲಿಲ್ಲ. ದಿನಾ ಹೇಳಬೇಕೆಂದುಕೊಂಡು ಮಗಳ ಮುಖ ನೋಡಿ ಸುಮ್ಮನಾದೆ ಎಂದು ಆಮೇಲೆ ಅಕ್ಕನ ಮುಂದೆ ಅತ್ತನಂತೆ.

ಸಭೆ ಡಿಸೆಂಬರ್ ಕೊನೆಗೆ ನಮ್ಮ ಶಾಲೆಯ ಅಂಗಳದಲ್ಲಿ ನಡೆಯಿತು. ಮುಂದೆ ಮೇಜು, ಕುರ್ಚಿ. ಪಂಚಾಯಿತಿ ಅಧ್ಯಕ್ಷರು, ಅಭಿವೃದ್ಧಿ ಅಧಿಕಾರಿ, ಊರ ಹಿರಿಯರೆಂದು ಲಿಂಗಣ್ಣ ಸಾವಕಾರರು. ಮಕ್ಕಳು ಜಮಖಾನೆಯ ಮೇಲೆ, ದೊಡ್ಡವರು ಹಿಂದೆ ನಿಂತಿದ್ದರು. ಶೌಚಾಲಯಕ್ಕೆ ನೀರಿಲ್ಲ, ಆಟದ ಮೈದಾನಕ್ಕೆ ಬೇಲಿ ಇಲ್ಲ ಎಂದು ಮಕ್ಕಳು ಒಬ್ಬೊಬ್ಬರಾಗಿ ಹೇಳಿದರು. ಸವಿತಾಳ ಸರದಿ ಬಂತು. ಮೈಕು ಹಿಡಿದು, ಬರೆದುಕೊಂಡದ್ದನ್ನು ಓದಿದಳು. ತಮ್ಮ ಓಣಿಯಿಂದ ಸುಡುಗಾಡಿಗೆ ಹೋಗುವ ಬಂಡಿದಾರಿ ನಕಾಶೆಯಲ್ಲಿದೆ, ಹೊಲದಲ್ಲಿ ಇಲ್ಲ, ಆಗಸ್ಟಿನಲ್ಲಿ ತನ್ನ ತಾಯಿಯನ್ನು ನೀರಿನಲ್ಲಿ ಹೊತ್ತುಕೊಂಡು ಹೋದರು ಎಂದಳು. ನಕಾಶೆಯನ್ನು ಮೇಜಿನ ಮೇಲೆ ಹರವಿದಳು.

ಅಧಿಕಾರಿ ಬಗ್ಗಿ ನೋಡಿದರು. "ಹೌದು, ಇದೆ. ಯಾರು ಒತ್ತುವರಿ ಮಾಡಿದ್ದಾರೆ?"

ಎಲ್ಲರ ಕಣ್ಣು ಲಿಂಗಣ್ಣನವರ ಕಡೆ ತಿರುಗಿತು. ಅವರು ಟವೆಲು ಸರಿಮಾಡಿಕೊಂಡು, "ಹೊಲ ನಂದ ಅದ. ಆದ್ರ ನಾ ಏನೂ ಕೈಲೆ ನೇಗಿಲಾ ಹಿಡದಿಲ್ಲ..." ಎಂದು ಶುರು ಮಾಡಿದರು. ಅಷ್ಟರಲ್ಲಿ ಹಿಂದಿನಿಂದ ದನಿ ಬಂತು.

"ನಾನ್ರಿ. ನಾನ ಹೊಡದೀನಿ."

ಹಣಮೇಶ ಕೈ ಮುಗಿದುಕೊಂಡು ಮಂದಿಯ ನಡುವಿನಿಂದ ಮುಂದೆ ಬಂದ. ಸವಿತಾ ತಿರುಗಿ ನೋಡಿದಳು. ಮೈಕು ಅವಳ ಕೈಯಲ್ಲೇ ಇತ್ತು, ಅವಳ ಉಸಿರು ಅಂಗಳದ ತುಂಬ ಕೇಳಿಸುತ್ತಿತ್ತು. ನಾನು ಅವಳ ಹತ್ತಿರ ಹೋಗಲು ಎದ್ದೆ, ಸಾವಿತ್ರಿಬಾಯಿ ನನ್ನ ತೋಳು ಹಿಡಿದು ನಿಲ್ಲಿಸಿದರು.

ಹುಡುಗಿ ಮತ್ತೆ ಹಾಳೆಯ ಕಡೆ ನೋಡಿದಳು. ಕೊನೆಯ ಸಾಲು ಉಳಿದಿತ್ತು. "ಈ ದಾರಿಯನ್ನು ಯಾವಾಗ ಬಿಡಿಸಿ ಕೊಡುತ್ತೀರಿ?" ಎಂದು ಓದಿ ಮೈಕು ಕೆಳಗಿಟ್ಟಳು.

ಮಕ್ಕಳ ಕಡೆಯಿಂದ ನಡಾವಳಿ ಬರೆಯುವ ಕೆಲಸ ಅವಳದೇ ಆಗಿತ್ತು. ಆ ಪುಸ್ತಕವನ್ನು ನಾನು ಆಮೇಲೆ ನೋಡಿದೆ. ಬೇರೆ ಪ್ರಶ್ನೆಗಳ ನಡುವೆ, ಅದೇ ದುಂಡು ಅಕ್ಷರದಲ್ಲಿ ಬರೆದಿದ್ದಳು: "ಹಣಮೇಶ ತಂದೆ ಮರಿಲಿಂಗಪ್ಪ, ದಾರಿಯನ್ನು ತಾನೇ ಉಳುಮೆ ಮಾಡಿದ್ದಾಗಿ ಸಭೆಗೆ ತಿಳಿಸಿದರು." ಕೆಳಗೆ ಸಹಿ.

ಆ ದಿನವೇ ಸವಿತಾ ತನ್ನ ಬಟ್ಟೆ, ಪುಸ್ತಕ ತೆಗೆದುಕೊಂಡು ಅತ್ತೆಯ ಮನೆಗೆ ಬಂದಳು. ಗೋಡೆಯ ಆಚೆ ಅಪ್ಪ, ಈಚೆ ಮಗಳು. ಒಂದೂವರೆ ತಿಂಗಳು ಮಾತಿಲ್ಲ. ಸಾವಿತ್ರಿಬಾಯಿ ಎರಡೂ ಮನೆಗೆ ರೊಟ್ಟಿ ಬಡಿದರು, ಇಬ್ಬರಿಗೂ ಬುದ್ಧಿ ಹೇಳಲು ಹೋಗಲಿಲ್ಲ.

ಲಿಂಗಣ್ಣನವರು ದಾರಿಗೆ ಅಡ್ಡ ಬರಲಿಲ್ಲ. ನಕಾಶೆಯಲ್ಲಿದ್ದರೆ ಇರಲಿ ಎಂದರು. ಆದರೆ ಆ ಸುಗ್ಗಿ ಮುಗಿದೊಡನೆ ಹೊಲವನ್ನು ಹಣಮೇಶನಿಂದ ಬಿಡಿಸಿ ಬೇರೆಯವರಿಗೆ ಪಾಲಿಗೆ ಕೊಟ್ಟರು. ಗ್ರಂಥಾಲಯದಲ್ಲಿ ಮಕ್ಕಳಿಗೆ ರಾಜಕೀಯ ಹೇಳಿಕೊಡುತ್ತಾರೆ ಎಂದು ಯಾರೋ ಒಂದು ದೂರು ಬರೆದು ಹಾಕಿದರು. ಸಾವಿತ್ರಿಬಾಯಿಗೆ ನೋಟಿಸು ಬಂತು. ಅವರು ನಾಲ್ಕು ಪುಟ ಉತ್ತರ ಬರೆದರು. ಕೆಲಸ ಉಳಿಯಿತು, ಕಂಪ್ಯೂಟರಿನಿಂದ ಆಟ ತೆಗೆಯಬೇಕೆಂದು ಆದೇಶವಾಯಿತು. ಮಕ್ಕಳು ಕಟ್ಟಿದ ಊರು ಅಂದೇ ಹೋಯಿತು.

ಫೆಬ್ರುವರಿಯಲ್ಲಿ ಸರ್ವೇಯರು ಬಂದು ಅಳತೆ ಮಾಡಿ ಕಲ್ಲು ನೆಟ್ಟರು. ಉದ್ಯೋಗ ಖಾತ್ರಿ ಕೆಲಸದಲ್ಲಿ ಮಣ್ಣು ಹಾಕಿ ದಾರಿ ಎತ್ತರಿಸುವುದೆಂದು ಠರಾವಾಯಿತು. ಓಣಿಯ ಹದಿನಾಲ್ಕು ಮಂದಿ ಕೆಲಸಕ್ಕೆ ಹೋದರು. ಹಣಮೇಶ ಎಲ್ಲರಿಗಿಂತ ಮೊದಲು ಹೋಗುತ್ತಿದ್ದ, ಯಾರೊಂದಿಗೂ ಮಾತಾಡುತ್ತಿರಲಿಲ್ಲ. ಒಂದು ರವಿವಾರ ಮಧ್ಯಾಹ್ನ ಸಾವಿತ್ರಿಬಾಯಿಗೆ ಜ್ವರ. ಅಪ್ಪನ ಬುತ್ತಿಯನ್ನು ಸವಿತಾ ಒಯ್ಯಬೇಕಾಯಿತು. ಮುಂದಿನದನ್ನು ಹಣಮೇಶನೇ ಅಕ್ಕನಿಗೆ ಹೇಳಿದ್ದಾನೆ.

ಬುತ್ತಿ ಕೆಳಗಿಟ್ಟು ಹುಡುಗಿ ಹೊರಡಲಿಲ್ಲ. ಅವನು ಉಣ್ಣುವ ತನಕ ನಿಂತಿದ್ದು ಕೇಳಿದಳು.

"ಯಪ್ಪಾ, ಅವ್ವಗ ಗೊತ್ತಿತ್ತೇನು?"

"ಗೊತ್ತಿತ್ತವ್ವ."

"ಏನಂದಿದ್ದಳು?"

"ಬ್ಯಾಡಂದಿದ್ದಳು. ಮಂದಿ ಎಲ್ಲಿಂದ ಹೋಗಬೇಕು ಅಂದಿದ್ದಳು. ನಾನ ಕೇಳಲಿಲ್ಲ."

ಸವಿತಾ ಅಲ್ಲೇ ಮಣ್ಣಿನ ಗುಡ್ಡೆಯ ಮೇಲೆ ಕೂತಳು. ಅಪ್ಪನೂ ಮಗಳೂ ಅತ್ತರೋ ಇಲ್ಲವೋ ಅವನು ಹೇಳಲಿಲ್ಲ. ಸಂಜೆ ಕೆಲಸ ಬಿಟ್ಟ ಮೇಲೆ ಇಬ್ಬರೂ ಕೂಡಿ ಮನೆಗೆ ಬಂದರು. ಅವಳ ಪುಸ್ತಕದ ಚೀಲ ಅತ್ತೆಯ ಮನೆಯಲ್ಲೇ ಇನ್ನೂ ಎರಡು ವಾರ ಇತ್ತು, ಆಮೇಲೆ ಅದೂ ಗೋಡೆಯಾಚೆ ಹೋಯಿತು.

ಈಗ ಸವಿತಾ ಶಹಾಪುರದ ಕಡೆ ಒಂದು ವಸತಿ ಶಾಲೆಯಲ್ಲಿ ಓದುತ್ತಾಳೆ. ಹಣಮೇಶನಿಗೆ ಊರಲ್ಲಿ ಮತ್ತೆ ಯಾರೂ ಹೊಲ ಕೊಡಲಿಲ್ಲ. ಶಹಾಪುರದ ಹತ್ತಿ ಮಿಲ್ಲಿನಲ್ಲಿ ಹಮಾಲಿ ಮಾಡುತ್ತಾನೆ, ವಾರಕ್ಕೊಮ್ಮೆ ಊರಿಗೆ ಬರುತ್ತಾನೆ. ನನಗೆ ರಾಮಸಮುದ್ರದ ಕಡೆ ವರ್ಗವಾಯಿತು. ಹೊರಡುವ ಮುಂಚೆ ಗ್ರಂಥಾಲಯಕ್ಕೆ ಹೋಗಿ, ನೀವು ಮಾಡಿದ್ದು ದೊಡ್ಡ ಕೆಲಸ ಎಂದೆ. ಸಾವಿತ್ರಿಬಾಯಿ ಮೆಚ್ಚಿಕೊಂಡಂತೆ ಕಾಣಲಿಲ್ಲ.

"ದೊಡ್ಡದೋ ಸಣ್ಣದೋ ಗೊತ್ತಿಲ್ಲ ಸರ್. ಆ ಕೂಸು ತುಂಬಿದ ಸಭಾದಾಗ ನಿಂತು ಅಪ್ಪನ ತಪ್ಪು ಕೇಳಬೇಕಾತು. ಒಂದಿನ ಮುಂಚೆ ನಾನ ಕೂಡಿಸಿಕೊಂಡು ಹೇಳಿದ್ರ ಏನಾಗ್ತಿತ್ತು? ಹಂಗ ಒಮ್ಮೊಮ್ಮಿ ಅನಸ್ತೈತಿ."

ಅಷ್ಟರಲ್ಲಿ ಕಟ್ಟೆಯ ಮೇಲೆ ಮೂವರು ಮುದುಕರು ಬಂದು ಕೂತಿದ್ದರು. ಸಾವಿತ್ರಿಬಾಯಿ ಕನ್ನಡಕ ಏರಿಸಿ ಅವರ ಕಡೆ ಹೋದರು. ನಾನು ಬಸ್ಸಿನ ಹೊತ್ತಾಯಿತೆಂದು ಎದ್ದೆ.